ಮೊಗಗಳ್ಳನೂ ಜಟ್ಟೆಪ್ಪಜ್ಜನ ಮೂಗೂ

ಬಹಳ ಬಹಳ ಹಿಂದೆ, ಎಷ್ಟು ಹಿಂದೆ ಅಂತ ಹೇಳುವವರೂ ಈಗ ಇಲ್ಲದಷ್ಟು ಹಿಂದೆ, ಏಳುಕಡವು ಎಂಬ ರಾಜ್ಯವಿತ್ತು. ಅಲ್ಲಿ ಹರಿಗೋಲು ನಡೆಸುವ ಮನೆತನದ ಮಾಳವ್ವ ತವರಿನಲ್ಲಿ ಹೆಣ್ಣು ಕೂಸು ಹೆತ್ತಳು. ಕೂಸಿನದು ತೀರಿಹೋದ ಜಟ್ಟೆಪ್ಪಜ್ಜನದೇ ಮೂಗು: ಉದ್ದಕ್ಕೆ, ತುದಿಯಲ್ಲಿ ಸ್ವಲ್ಪ ಬಾಗಿದ್ದು. "ಹೆಣ್ಣಿಗೆ ಇಂಥಾ ಮೂಗಾ?" ಎಂದು ಅತ್ತೆ ಗೊಣಗಿದರೂ ಮಾಳವ್ವನಿಗೆ ಅದನ್ನು ನೋಡಿದಷ್ಟೂ ಸಾಲದು. ಚಿಕ್ಕಂದಿನಲ್ಲಿ ಅವಳನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು ಆ ಅಜ್ಜ.

ಹೆಸರಿಡುವ ದಿನ ಎತ್ತಿನ ಮೇಲೆ ಕೂತು ಹೆಳವ ಬಂದ. ಮನೆಮನೆಯ ಹಿರಿಯರ ಕತೆಯನ್ನು ತಲೆಮಾರಿನಿಂದ ತಲೆಮಾರಿಗೆ ಹಾಡುವುದು ಅವನ ಕಸುಬು. ಮಾಳವ್ವ ಅವನನ್ನು ಹಿತ್ತಲಿಗೆ ಕರೆದಳು.

"ಹೆಳವಯ್ಯಾ, ಅತ್ತಿಮನಿಯವರು ಕುಂತಾರ. ಅಜ್ಜನ ತಂಗಿ ಸುದ್ದಿ ಒಂದು ಬಿಟ್ಟು ಹಾಡು," ಎಂದು ಹೊಸ ಕಂಬಳಿ ಕೊಟ್ಟಳು.

"ಬಿಟ್ಟಲ್ಲಿ ತೂತು ಬೀಳತೈತವ್ವಾ," ಎಂದ ಹೆಳವ. ಆದರೂ ಕಂಬಳಿ ತೆಗೆದುಕೊಂಡು, ಅದೊಂದು ಬಿಟ್ಟೇ ಹಾಡಿದ. ಚಳಿಗಾಲ ಹತ್ತಿರವಿತ್ತು ನೋಡಿ.

ಮೂರನೆಯ ದಿನ ತೊಟ್ಟಿಲಿಗೆ ಬಗ್ಗಿದ ಮಾಳವ್ವ ಕಿರುಚಿದಳು. ಕೂಸಿನ ಮೂಗು ಇರಲಿಲ್ಲ. ಗಾಯವಿಲ್ಲ, ರಕ್ತವಿಲ್ಲ, ಲಟ್ಟಿಸಿದ ಹಿಟ್ಟಿನ ಹಾಗೆ ನುಣ್ಣಗಿತ್ತು. ಕೂಸು ಬಾಯಿಂದ ಉಸಿರಾಡುತ್ತ ನಗುತ್ತಿತ್ತು. ಮರುದಿನ ಹುಬ್ಬೂ ಹೋಯಿತು.

ಮಾಳವ್ವ ಹೆಳವನ ಬಳಿಗೆ ಓಡಿದಳು. "ಇದು ಕರಿಗುಡ್ಡದ ಮೊಗಗಳ್ಳನ ಕೆಲಸ," ಎಂದ ಅವನು. "ಹಾಡಿನ್ಯಾಗ ತೂತು ಕಂಡ್ರ ಒಳಗ ಬರ್ತಾನ. ಹಿರ್ಯಾರ ಮುಖ ಒಯ್ತಾನ, ಮಕ್ಕಳ ಮುಖ ಅಳಸ್ತಾನ. ಕೂಸಿನ ಬಾಯಿ ಹೋಗೋದ್ರಾಗ ನಡಿ."

ಏಳುಕಡವಿನ ರಾಜನೂ ಒಂದು ವರ್ಷದಿಂದ ಮುಸುಕು ಹಾಕಿಕೊಂಡೇ ದರ್ಬಾರು ನಡೆಸುತ್ತಿದ್ದ. ಅರಮನೆಯವರು ಏನೇನು ಮುಚ್ಚಿಟ್ಟಿದ್ದರೋ, ಅವರಿಗೇ ಗೊತ್ತು.

ನಡುಮಧ್ಯಾಹ್ನ ಮಾಳವ್ವ ಕರಿಗುಡ್ಡದ ಗವಿ ಹೊಕ್ಕಳು. ಅವಳ ನೆರಳು ಒಳಗೆ ಬರಲು ಒಲ್ಲದೆ ಬಾಗಿಲಲ್ಲೇ ಉಳಿಯಿತು. ಒಳಗೆ ಮೊಗಗಳ್ಳ ಕೂತಿದ್ದ. ಅವನ ಮುಖ ಗಳಿಗೆಗೊಂದು: ಈಗ ಮುದುಕ, ಈಗ ಬಾಣಂತಿ, ಈಗ ಇನ್ಯಾರೋ.

"ಮೂರು ಕೋಣೆ, ಮೂವರು ಅಜ್ಜಂದಿರು. ನಿನ್ನವನು ಯಾರೆಂದು ಹೇಳು. ತಪ್ಪಿದರೆ ಕೂಸಿನ ಬಾಯಿ ನನ್ನದು," ಎಂದ.

ಮೊದಲ ಕೋಣೆಯ ಅಜ್ಜ ಮೀಸೆ ತಿರುವುತ್ತಿದ್ದ. "ಬಾರವ್ವಾ! ಹೊಳ್ಯಾಗ ನಲವತ್ತು ಮಂದೀನ ಉಳಿಸಿದವ ನಾನು." ಮಾಳವ್ವ ಅವನ ಕೈ ಹಿಡಿದು ನೋಡಿದಳು. ಅಂಗೈ ಬೆಣ್ಣೆ. ಹರಿಗೋಲಿನ ಹುಟ್ಟು ಹಾಕಿದ ಕೈ ಜಡ್ಡುಗಟ್ಟಿರಬೇಡವೇ? ಬಿಟ್ಟು ನಡೆದಳು.

ಎರಡನೆಯ ಅಜ್ಜನ ಅಂಗೈ ಜಡ್ಡುಗಟ್ಟಿತ್ತು. "ಅಜ್ಜಾ, ನಿದ್ದಿ ಹೆಂಗ ಬರತೈತಿ?" ಎಂದು ಕೇಳಿದಳು. "ನನಗೇನು ಚಿಂತಿ? ಹಾಸಿಗಿಗೆ ಬಿದ್ದರ ಬೆಳಗು!" ಅವಳ ಅಜ್ಜನೋ ನಿದ್ದೆಯಲ್ಲಿ ಚೀರಿ ಏಳುತ್ತಿದ್ದವನು. ಬಿಟ್ಟು ನಡೆದಳು.

ಮೂರನೆಯ ಕೋಣೆಯಲ್ಲಿ ಒಬ್ಬ ಗೋಡೆಯ ಕಡೆ ತಿರುಗಿ ಕೂತಿದ್ದ. ಮಾಳವ್ವ ಭುಜ ಹಿಡಿದು ತಿರುಗಿಸಿದಳು. ಅವನಿಗೆ ಮುಖವೇ ಇರಲಿಲ್ಲ.

ಹಾಡಿನಲ್ಲಿ ತಾನು ಬಿಡಿಸಿದ ತೂತು ಇದೇ ಎಂದು ಅವಳಿಗೆ ಹೊಳೆಯಿತು. ಇಷ್ಟು ದಿನ ಮುಚ್ಚಿಟ್ಟಿದ್ದನ್ನು ಹೇಳದೆ ಬೇರೆ ದಾರಿಯಿರಲಿಲ್ಲ.

"ಅಜ್ಜಾ, ಹೊಳಿ ಏರಿದ ದಿನ ನಿನ್ನ ತಂಗಿ ನಾಗವ್ವನ್ನ ಆಚೆ ದಂಡ್ಯಾಗ ಬಿಟ್ಟು ಬಂದಿ." ಕಿವಿ ಮೂಡಿದವು.

"ಆಕಿ ಕೂಗಿದ್ದು ನಿನಗ ಕೇಳಿಸಿತ್ತು. ಅಂಜಿ ಹಿಂದಕ್ಕ ನೋಡಲಿಲ್ಲ." ಕಣ್ಣು ಮೂಡಿದವು, ತುಂಬಿ ಬಂದವು.

"ಸಾಯೋತನಕ ದಿನಾ ಖಾಲಿ ಹರಿಗೋಲು ಆಚೆ ದಂಡಿಗೆ ಒಯ್ದು ಕಾಯ್ದಿ. ನಾನೂ ನಿನ್ನ ಕೂಡ ಕುಂತಿದ್ದೆ. ನಾಲ್ಕು ಮಂದಿ ಮುಂದ ಹೇಳಾಕ ನಾಚಿದೆ ಅಜ್ಜಾ, ತಪ್ಪಾತು." ಉದ್ದನೆಯ ಮೂಗು ಮೂಡಿತು. ಕಡೆಗೆ ಬಾಯಿ ಮೂಡಿತು.

"ಆಕಿ ಹೆಸರು ಇನ್ನೊಮ್ಮೆ ಹೇಳವ್ವಾ," ಎಂದ ಅಜ್ಜ. "ಯಾರಾದ್ರೂ ಅಂದದ್ದು ಕೇಳಿ ಭಾಳ ದಿನ ಆತು."

"ನಾಗವ್ವ!" ಎಂದು ಮಾಳವ್ವ ಗವಿಯೆಲ್ಲ ಕೇಳುವಂತೆ ಕೂಗಿದಳು.

ಮೊಗಗಳ್ಳ ಊಳಿಟ್ಟ. ಕದ್ದ ಮುಖಗಳು ಒಂದೊಂದಾಗಿ ಅವನಿಂದ ಕಳಚಿ ಬಾವಲಿಗಳ ಹಾಗೆ ಹಾರಿಹೋದವು. ಕಡೆಯದೂ ಹಾರಿದಾಗ ಅಲ್ಲಿ ಖಾಲಿ ಅಂಗಿಯೊಂದು ಬಿದ್ದಿತ್ತು. ಅಜ್ಜ ಮೊಮ್ಮಗಳ ತಲೆ ಸವರಿ ಗಾಳಿಯಲ್ಲಿ ಗಾಳಿಯಾದ.

ಅರಮನೆಯಲ್ಲಿ ರಾಜ ಮುಸುಕು ತೆಗೆದ. ಮನೆಯಲ್ಲಿ ಕೂಸು ಉದ್ದ ಮೂಗಿನಿಂದ ಸೀನುತ್ತಿತ್ತು.

ಮಾಳವ್ವ ಅತ್ತೆಮನೆಯವರನ್ನೆಲ್ಲ ಮತ್ತೆ ಕರೆಸಿ, ಹೆಳವನನ್ನು ನಡುಮನೆಯಲ್ಲಿ ಕೂರಿಸಿದಳು. "ಈ ಸಲ ಏನೂ ಬಿಡಬ್ಯಾಡ," ಎಂದಳು. ಹೆಳವ ಹಾಡಿದ. ನಾಗವ್ವನ ಹೆಸರು ಬಂದಾಗ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನಮ್ಮ ಮನ್ಯಾಗೂ ಅಂಥಾಕಿ ಒಬ್ಬಾಕಿ ಇದ್ದಳು, ಹೆಳವಯ್ಯಾ. ಆಕೀನೂ ಹಾಡಿನ್ಯಾಗ ಸೇರಸು."

ಆಮೇಲೆ ಏಳುಕಡವಿನ ಮಂದಿಯೆಲ್ಲ ಸುಖವಾಗಿದ್ದರು. ಹೆಳವನ ಹಾಡು ಮಾತ್ರ ಒಂದು ದಿನಕ್ಕೆ ಮುಗಿಯದಾಯಿತು.