ಉಸಿರುಗಂಡಿ ಇಲ್ಲದ ಅಂಗಿ

ಬಹಳ ಹಿಂದೆ, ಎಷ್ಟು ಹಿಂದೆ ಅಂದರೆ ಹುಲಿಗಳು ಇನ್ನೂ ಮನುಷ್ಯರ ಮಾತು ಮರೆಯದಿದ್ದ ಕಾಲದಲ್ಲಿ, ಕೊರಿಯಾದ ಬಡಗಣ ಬೆಟ್ಟಗಳ ನಡುವೆ ಹನ್ಸೋಲ ಎಂಬ ರಾಜ್ಯವಿತ್ತು. ಅಲ್ಲಿನ ಜನಕ್ಕೆ ಬಟ್ಟೆಯೆಂದರೆ ಬಲು ಮೋಹ. ಗಂಡಸರೂ ಹೆಂಗಸರೂ ಸೊಂಟದ ಕೆಳಗೆ ಇಳಿಯುವ ಉದ್ದನೆಯ ಅಂಗಿ ತೊಟ್ಟು ನಡುಪಟ್ಟಿ ಬಿಗಿಯುತ್ತಿದ್ದರು. ಗಂಡಸರಿಗೆ ದೊಗಲೆ ಷರಾಯಿ, ಹೆಂಗಸರಿಗೆ ಸಾಲು ನೆರಿಗೆಯ ಲಂಗ. ಅಂಗಿ ಯಾವ ಬಣ್ಣದ್ದೇ ಇರಲಿ, ಕೊರಳಿಗೆ, ಮುಂಗೈಗೆ, ಕೆಳಅಂಚಿಗೆ ಬೇರೆ ಬಣ್ಣದ ಅಗಲವಾದ ಪಟ್ಟಿ ಹಚ್ಚಲೇಬೇಕು. ಪಟ್ಟಿ ಹಚ್ಚುವ ತನಕ ಆ ಅಂಗಿ ಯಾರದೂ ಅಲ್ಲ. ಹಚ್ಚಿದ ಮೇಲೆ ಅದು ತೊಟ್ಟವರದು.

ಇನ್ನೂ ಒಂದು ಕಟ್ಟಳೆಯಿತ್ತು. ಬದುಕಿರುವವರ ಅಂಗಿಯಾದರೆ ಕೆಳಪಟ್ಟಿಯ ಕೊನೆಯ ಒಂದು ಹೊಲಿಗೆಯನ್ನು ಹಾಕದೆ ಬಿಡಬೇಕು. ಅದಕ್ಕೆ ಉಸಿರುಗಂಡಿ ಎನ್ನುತ್ತಿದ್ದರು. ಪೂರ್ತಿ ಮುಚ್ಚಿ ಹೊಲಿಯುವುದು ಸತ್ತವರ ಅಂಗಿಯನ್ನು ಮಾತ್ರ.

ಆ ರಾಜ್ಯದ ಅರಮನೆಯಲ್ಲಿ ದಲ್ಲೆ ಎಂಬ ದರ್ಜಿ ಹುಡುಗಿ ಇದ್ದಳು. ಅವಳ ಕೈ ಎಷ್ಟು ಚುರುಕೆಂದರೆ ಒಲೆಯ ಮೇಲಿಟ್ಟ ಗಂಜಿ ಕುದಿಯುವಷ್ಟರಲ್ಲಿ ಒಂದು ತೋಳು ಹೊಲಿದು ಮುಗಿಸುವಳು. ಒಂದು ಕಡೆ ಕೂತವಳಲ್ಲ, ನಿಂತವಳಲ್ಲ. ತಂದೆ ತಾಯಿ ಇಲ್ಲದ ಅವಳಿಗೆ ಇದ್ದವಳು ತಂಗಿ ಇಸುಲ ಒಬ್ಬಳೇ. ಇಸುಲ ಅರಮನೆಯ ಕುಣಿತದವಳು. ಕೈಬೆರಳು ದಾಟಿ ಎರಡು ಗೇಣು ಜೋತಾಡುವ ತೋಳಿನ ಅಂಗಿ ತೊಟ್ಟು ಅವಳು ಕುಣಿದರೆ ಮುದಿ ರಾಜನೂ ಕೆಮ್ಮು ಮರೆಯುತ್ತಿದ್ದ.

ಮುದಿ ರಾಜ ತನ್ನ ಗೋರಿಯನ್ನು ತಾನೇ ಕಟ್ಟಿಸುತ್ತಿದ್ದ. ಅದರ ಗೋಡೆಗೆ ಚಿತ್ರ ಬರೆಯಲು ಮುಕ್ಸಾನ ಎಂಬ ಚಿತ್ರಗಾರ ಬಂದ. ಚಿತ್ರಗಾರನಷ್ಟೇ ಅಲ್ಲ, ಪಕ್ಕಾ ಮಾಂತ್ರಿಕ. "ಮಹಾಪ್ರಭು, ನನ್ನ ಚಿತ್ರಗಳು ಗೋಡೆಯ ಮೇಲೆ ಓಡ್ತವೆ, ಕುಣೀತವೆ. ನಿಮಗೆ ಕೊನೆಯಿಲ್ಲದ ಕಾಲ ಬೇಸರ ಬರೋದಿಲ್ಲ," ಎಂದು ರಾಜನನ್ನು ಮರುಳು ಮಾಡಿದ. ಆಮೇಲೆ ಹೊಲಿಗೆಮನೆಗೆ ಬಂದು ಅಪ್ಪಣೆ ಮಾಡಿದ: "ಇನ್ನು ಮೇಲೆ ಗಂಡಿ ಬಿಡಬೇಡಿ. ಹಳ್ಳಿಯವರ ಕೆಲಸ ಅದು. ಅರಮನೆಗೆ ಶೋಭೆಯಲ್ಲ. ಅಂದವಾಗಿ ಮುಚ್ಚಿದವರು ಹೊಲಿಗೆಮನೆಗೆ ಯಜಮಾನಿ."

ದಲ್ಲೆಗೆ ಕೆಲಸ ಕಲಿಸಿದ ಸೂನಜ್ಜಿ ಮೂಲೆಯಿಂದ ಗೊಣಗಿದಳು. "ಬೇಡ ಕಣೇ ಮಗಳೇ. ದೊಡ್ಡೋರು ಸುಮ್ನೆ ಮಾಡಿಲ್ಲ ಅದನ್ನ."

"ಒಂದು ಹೊಲಿಗೆ ತಾನೇ ಅಜ್ಜಿ? ಯಾರು ಬಗ್ಗಿ ನೋಡ್ತಾರೆ?" ಎಂದಳು ದಲ್ಲೆ. ಯಜಮಾನಿಯಾಗುವ ಆಸೆ ಅವಳ ಕಣ್ಣು ಕಟ್ಟಿತ್ತು. ಊರವರ ಅಂಗಿಗಳನ್ನು ಮುಚ್ಚಿದಳು, ತಂಗಿಯ ಅಂಗಿಯನ್ನೂ ಮುಚ್ಚಿದಳು. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಗಾದೆ ಕಟ್ಟಿದವರು ಆತುರಗಾರ್ತಿಯನ್ನು ನೋಡಿರಲಿಲ್ಲ.

ಮುಕ್ಸಾನ ಇಸುಲಳನ್ನು ಎದುರಿಗೆ ಕುಣಿಸಿ, ಗೋರಿಯ ಗೋಡೆಯ ಮೇಲೆ ಹೆಬ್ಬೆರಳುದ್ದ ಬರೆದ. ಅವಳ ಅಂಗಿಯ ಒಂದೊಂದು ಹೊಲಿಗೆಯನ್ನೂ ಬಿಡದೆ ಬರೆದ. ಅವನ ಕೈಚಳಕಕ್ಕೆ ಕೊಂಕು ನುಡಿಯುವಂತಿರಲಿಲ್ಲ.

ಆ ದಿನದಿಂದ ಇಸುಲಳ ಕಾಲು ನಿಲ್ಲಲಿಲ್ಲ. ಕುಣಿಯುತ್ತ ಮನೆಗೆ ಬಂದಳು, ಕುಣಿಯುತ್ತ ಉಂಡಳು, ಕುಣಿಯುತ್ತ ಅತ್ತಳು. "ಅಕ್ಕಾ, ಹಿಡ್ಕೋ ನನ್ನ! ಸಾಕಾಗಿದೆ!" ದಲ್ಲೆ ತಬ್ಬಿ ಹಿಡಿದರೆ ಅವಳೂ ಸೇರಿ ಗಿರಗಿರನೆ ತಿರುಗಬೇಕಾಯಿತು. ಅಂಗಿ ಕಳಚಲು ಹೋದರೆ ಅದು ಚರ್ಮದಂತೆ ಮೈಗೆ ಅಂಟಿತ್ತು. ಮೂರನೆಯ ದಿನ ಮುದಿ ರಾಜ ಸತ್ತ. ಅದೇ ಗಳಿಗೆಗೆ ಇಸುಲ ಬೀದಿಗಿಳಿದಳು, ಕುಣಿಯುತ್ತ ಗುಡ್ಡ ಹತ್ತಿದಳು, ಗೋರಿಯೊಳಗೆ ಹೊಕ್ಕು ಗೋಡೆಯಲ್ಲಿ ಸೇರಿಹೋದಳು. ಹಿಂದೆಯೇ ಓಡಿಬಂದ ದಲ್ಲೆಯ ಕೈಗೆ ತಣ್ಣನೆಯ ಗೋಡೆ ತಗುಲಿತು.

"ನಾಳೆ ಮಧ್ಯಾಹ್ನ ರಾಜನ್ನ ಒಳಗಿಟ್ಟು ಕಲ್ಲುಬಾಗಿಲು ಮುಚ್ತಾರೆ," ಎಂದಳು ಗುಡ್ಡ ಹತ್ತಿ ಬಂದ ಸೂನಜ್ಜಿ. "ಮುಚ್ಚಿದ ಮೇಲೆ ನಿನ್ನ ತಂಗಿ ಚಿತ್ರಾನೇ ಸೈ."

"ನಾನೇ ಕೊಂದೆ ಅಜ್ಜಿ. ಈ ಕೈಯಾರೆ ಮುಚ್ಚಿದೆ," ಎಂದು ದಲ್ಲೆ ಗೋಳೋ ಎಂದು ಅತ್ತಳು.

"ಅಳೋಕೆ ಆಮೇಲೆ ಬೇಕಾದಷ್ಟು ಹೊತ್ತಿದೆ. ಸೂಜಿ ಹೋದ ದಾರೀಲಿ ದಾರ ಹೋಗಲೇಬೇಕು. ಆ ಅಂಗಿ ಹೊಲಿದ ಸೂಜೀನ ಗೋಡೆಗೆ ಚುಚ್ಚು. ದಾರದ ತುದಿ ನಾನು ಹೊರಗೆ ಹಿಡ್ಕೊಂಡಿರ್ತೀನಿ. ಒಳಗೆ ಹೋಗಿ ಅವಳ ಕೊನೆಯ ಹೊಲಿಗೆ ಬಿಚ್ಚು, ಆಮೇಲೆ ಮೂರು ಸಲ ಜಗ್ಗು, ಎಳ್ಕೋತೀನಿ."

ಮರುದಿನ ಮುಕ್ಸಾನ ಬೆಳಗಿನ ಊಟಕ್ಕೆ ಹೋದ ಹೊತ್ತು ನೋಡಿ ದಲ್ಲೆ ಗೋಡೆಗೆ ಸೂಜಿ ಚುಚ್ಚಿದಳು. ಸೂಜಿ ಗೋಡೆಯೊಳಗೆ ಇಳಿಯಿತು, ಅದರ ಹಿಂದೆ ದಾರ, ದಾರ ಹಿಡಿದ ದಲ್ಲೆಯೂ ಹೆಬ್ಬೆರಳುದ್ದವಾಗಿ ಒಳಗೆ ಇಳಿದಳು.

ಒಳಗೆ ಬೆಟ್ಟಗಳು ಅಲೆಯಲೆಯಾಗಿ ನಿಂತಿದ್ದವು. ಟೋಪಿಗೆ ಎರಡು ಗರಿ ಸಿಕ್ಕಿಸಿದ ಸವಾರನೊಬ್ಬ ಹುಲಿಯ ಹಿಂದೆ ಕುದುರೆ ಓಡಿಸುತ್ತ ಬಂದ, ಅವಳನ್ನು ಸುತ್ತು ಹಾಕಿದ, ಮತ್ತೆ ಸುತ್ತು ಹಾಕಿದ. ದಾರಿಯೇ ಸಿಗದು.

"ದಾರಿ ಬಿಡಪ್ಪಾ, ನನ್ನ ತಂಗಿ ಹತ್ರ ಹೋಗ್ಬೇಕು!"

"ನಿಲ್ಲೋದು ಗೊತ್ತಿಲ್ಲ ತಾಯಿ! ಆ ಪುಣ್ಯಾತ್ಮ ಕುದುರೆಗೆ ಲಗಾಮೇ ಬರೀಲಿಲ್ಲ!"

ದಲ್ಲೆ ನೋಡಿದಳು. ಸವಾರನ ಅಂಗಿಯ ಚುಕ್ಕೆ ಬಟ್ಟೆ, ಕಪ್ಪು ಪಟ್ಟಿ, ಎಲ್ಲವೂ ತನ್ನದೇ ಹೊಲಿಗೆ. ಅರಮನೆಯ ಓಲೆಕಾರ ಅವನು, ಇಸುಲಳಂತೆಯೇ ಗೋಡೆ ಸೇರಿದವನು. ಹೊರಗೆ ಬಿಸಿಲು ಏರುತ್ತಿತ್ತು, ಆದರೂ ಮುಖ ತಿರುಗಿಸಿ ಹೋಗಲು ಮನಸ್ಸು ಬರಲಿಲ್ಲ. ತನ್ನ ಅಂಗಿಯ ಕೊರಳಪಟ್ಟಿ ಬಿಚ್ಚಿ ಎಸೆದಳು. ಅವನು ಅದನ್ನು ಕುದುರೆಯ ಬಾಯಿಗೆ ಹಾಕಿ ಜಗ್ಗಿದ. ಕುದುರೆ ನಿಂತಿತು. ಹುಲಿಯೂ ಅಲ್ಲೇ ಕುಸಿದು ಏದುಸಿರು ಬಿಟ್ಟಿತು.

ಮುಂದೆ ಅಡುಗೆಮನೆ. ದೊಡ್ಡ ಹಂಡೆ ಕೊತಕೊತ ಕುದಿಯುತ್ತಿತ್ತು, ಹಬೆಯಲ್ಲಿ ಕಣ್ಣು ಕಾಣದು. ಅಡುಗೆಯಾಕೆ ಹಂಡೆಗೆ ಕೈ ಚಾಚುವಳು, ಸುಟ್ಟು ಹಿಂದೆಗೆಯುವಳು, ಮತ್ತೆ ಚಾಚುವಳು.

"ದಾರಿ ಬಿಡಮ್ಮಾ, ನನ್ನ ತಂಗಿ ಹತ್ರ ಹೋಗ್ಬೇಕು!"

"ನಿಲ್ಲೋದು ಗೊತ್ತಿಲ್ಲ ಕಣವ್ವ! ಹಂಡೆ ಬರೆದ, ಬೆಂಕಿ ಬರೆದ, ಇಳಿಸೋಕೆ ಒಂದು ಮಸಿಬಟ್ಟೆ ಬರೀಲಿಲ್ಲ ಮನೆಹಾಳ!"

ಅವಳ ಅಂಗಿಯೂ ದಲ್ಲೆಯ ಹೊಲಿಗೆಯೇ. ದಲ್ಲೆ ಎರಡು ಮುಂಗೈಪಟ್ಟಿ ಬಿಚ್ಚಿ ಕೊಟ್ಟಳು. ಆಕೆ ಅವುಗಳಿಂದ ಹಿಡಿದು ಹಂಡೆ ಇಳಿಸಿ, ನೆಲಕ್ಕೆ ಕುಕ್ಕರಿಸಿ, "ಅಬ್ಬಾ" ಎಂದಳು.

ಅದರಾಚೆ ನೀಲಿ ಡ್ರ್ಯಾಗನ್. ಅದು ಕುಣಿತದವರ ಅಂಗಳದ ಬಾಗಿಲಿಗೆ ಅಡ್ಡಲಾಗಿ ಹೊರಳಿ ಹೊರಳಿ ಬೀಳುತ್ತಿತ್ತು. ಅದರ ಕಣ್ಣುಗಳು ಕೆಂಡವಾಗಿದ್ದವು.

"ದಾರಿ ಬಿಡು ಸ್ವಾಮಿ, ನನ್ನ ತಂಗಿ ಹತ್ರ ಹೋಗ್ಬೇಕು!"

"ನಿಲ್ಲೋದು ಗೊತ್ತಿಲ್ಲ ಮಗು," ಎಂದಿತು ಡ್ರ್ಯಾಗನ್. "ಕಣ್ಣು ಬರೆದ, ರೆಪ್ಪೆ ಬರೀಲಿಲ್ಲ. ನಿದ್ದೆ ಅಂದ್ರೇನು ಅಂತ ಮರೆತೇ ಹೋಗಿದೆ."

ಉಳಿದಿದ್ದು ಕೆಳಪಟ್ಟಿ ಒಂದೇ. ಅದೂ ಹೋದರೆ ಅಂಗಿ ಯಾರದೂ ಅಲ್ಲ, ತೊಟ್ಟವಳೂ ಲೆಕ್ಕಕ್ಕಿಲ್ಲ. ಹನ್ಸೋಲದಲ್ಲಿ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ದಲ್ಲೆಯ ಕೈ ಒಂದು ಕ್ಷಣ ಹಿಂಜರಿಯಿತು. ಆಮೇಲೆ ಪರ್ರನೆ ಪಟ್ಟಿ ಹರಿದು ಡ್ರ್ಯಾಗನ್ನಿನ ಕಣ್ಣಿಗೆ ಕಟ್ಟಿದಳು. ಡ್ರ್ಯಾಗನ್ ಒಮ್ಮೆ ಆಕಳಿಸಿ ಗೊರಕೆ ಹೊಡೆಯತೊಡಗಿತು.

ಅಂಗಳದಲ್ಲಿ ಇಸುಲ ಕುಣಿಯುತ್ತಿದ್ದಳು. ತೋಳು ಬೀಸುತ್ತಿತ್ತು, ಮುಖ ಮಾತ್ರ ಬಸವಳಿದಿತ್ತು. "ಅಕ್ಕಾ, ಯಾಕೆ ಬಂದೆ? ನೀನೂ ಸಿಕ್ಕಿಹಾಕ್ಕೋತೀಯ!"

"ಸುಮ್ನಿರೇ," ಎಂದು ದಲ್ಲೆ ಅವಳ ಅಂಗಿಯ ಅಂಚು ಹಿಡಿದು, ಜೊತೆಜೊತೆಗೆ ಓಡುತ್ತ ಹುಡುಕಿದಳು. ಮುಕ್ಸಾನ ಪ್ರತಿ ಹೊಲಿಗೆ ಬರೆದಿದ್ದನಲ್ಲ! ಕೊನೆಯ ಹೊಲಿಗೆಯೂ ಇತ್ತು, ಅದರ ಗಂಟೂ ಇತ್ತು. ದಲ್ಲೆ ಅದಕ್ಕೆ ಹಲ್ಲು ತಾಗಿಸಿದಳು.

ಅಷ್ಟರಲ್ಲಿ ಆಕಾಶ ಕಪ್ಪಾಯಿತು. ಊಟ ಮುಗಿಸಿ ಬಂದ ಮುಕ್ಸಾನ ಗೋಡೆಯ ಮುಂದೆ ನಿಂತಿದ್ದ. "ಓಹೋ ಯಜಮಾನಿ, ನೀನೂ ಬಂದ್ಯಾ? ಬಾ, ನಿನ್ನನ್ನೂ ಬರೀತೀನಿ, ಇಲ್ಲೇ ಇರು!" ಪೈನ್ ಮರದಷ್ಟು ದಪ್ಪದ ಕುಂಚ ಅವಳ ಮೇಲೆ ಇಳಿಯಿತು.

ಕುಂಚ ಅವಳ ಕೊರಳಿಗೆ ಬಂತು, ಅಲ್ಲಿ ಪಟ್ಟಿಯಿಲ್ಲ. ಮುಂಗೈಗೆ ಬಂತು, ಅಲ್ಲೂ ಇಲ್ಲ. ಕೆಳಕ್ಕೆ ಇಳಿಯಿತು, ಅಂಚೇ ಇಲ್ಲ. ನಿಲ್ಲಲು ಎಡೆಯಿಲ್ಲದೆ ಬಣ್ಣ ಅವಳನ್ನು ದಾಟಿ ಹರಿಯಿತು. ಕುಂಚವೂ ಅದರ ಹಿಂದೆ ಓಡಿತು. ಬೆಟ್ಟ ದಾಟಿತು, ಮೋಡ ದಾಟಿತು, ಗೋಡೆಯ ಮೂಲೆ ತಿರುಗಿತು. ಮುಕ್ಸಾನನ ಕೈ ಅದಕ್ಕೆ ಅಂಟಿಕೊಂಡಿತ್ತು. ಎಳೆಸಿಕೊಂಡು ಎಳೆಸಿಕೊಂಡು ಮೊದಲು ಬೆರಳು, ಆಮೇಲೆ ತೋಳು, ಕೊನೆಗೆ ಟೋಪಿಯ ಸಮೇತ ಗೋಡೆಯೊಳಗೆ ಬಿದ್ದ. ಹೆಬ್ಬೆರಳುದ್ದ ಕೂಡ ಉಳಿಯಲಿಲ್ಲ, ಕಿರುಬೆರಳಿನ ಉಗುರಿನಷ್ಟಾದ.

"ನಿಲ್ಲಿಸಮ್ಮಾ! ನಿಲ್ಲಿಸೇ ತಾಯಿ!" ಎಂದು ಓಡುತ್ತಲೇ ಕೂಗಿದ.

ದಲ್ಲೆ ಬರಿದಾದ ಅಂಗಿ ನೋಡಿಕೊಂಡಳು. "ನಿಲ್ಲಿಸ್ತಿದ್ದೆ ಸ್ವಾಮಿ. ಆದರೆ ಒಂದು ಪಟ್ಟಿಯೂ ಉಳಿದಿಲ್ಲ."

ಮಾಡಿದ್ದುಣ್ಣೋ ಮಹಾರಾಯ. ಅವಳು ಗಂಟು ಕಚ್ಚಿ ಎಳೆದಳು. ಹೊಲಿಗೆ ಬಿಟ್ಟಿತು. ಇಸುಲಳ ಕಾಲು ನಿಂತಿತು, ಅವಳು ಅಕ್ಕನ ಹೆಗಲ ಮೇಲೆ ಬಿದ್ದು ನಿಂತಲ್ಲೇ ನಿದ್ದೆ ಹೋದಳು. ದಲ್ಲೆ ಅವಳನ್ನು ಹೊತ್ತು ದಾರ ಹಿಡಿದು ಹಿಂದಕ್ಕೆ ಓಡಿದಳು. ಹೊರಗೆ ಕಲ್ಲುಬಾಗಿಲು ಗರಗರ ಸರಿಯುವ ಸದ್ದು. ಆದರೂ ಅಡುಗೆಯಾಕೆಯ ಮುಂದೆ ಬಾಗಿ ಅವಳ ಕೊನೆಯ ಹೊಲಿಗೆ ಕಚ್ಚಿದಳು, ಸವಾರನ ಮುಂದೆ ಬಾಗಿ ಅವನದನ್ನೂ ಕಚ್ಚಿದಳು. ಅವರಿಬ್ಬರಿಗೂ ದಾರ ಹಿಡಿಸಿ ಮೂರು ಸಲ ಜಗ್ಗಿದಳು. ಸೂನಜ್ಜಿ ಮುದುಕಿಯಾದರೂ ಅವಳ ರಟ್ಟೆ ಗಟ್ಟಿ. ನಾಲ್ವರೂ ಮೊದಲಿನ ಎತ್ತರಕ್ಕೆ ಬೆಳೆದು ಒಬ್ಬರ ಮೇಲೊಬ್ಬರು ಹೊರಗೆ ಬಿದ್ದರು. ಅವರ ಬೆನ್ನಿಗೇ ಬಾಗಿಲು ಧಡ್ಡೆಂದು ಮುಚ್ಚಿತು.

ಹೊಸ ರಾಜ ಹೊಲಿಗೆಮನೆಯನ್ನು ದಲ್ಲೆಗೇ ಒಪ್ಪಿಸಿದ. ಅವಳ ಮೊದಲ ಅಪ್ಪಣೆ, ಊರಿನ ಎಲ್ಲ ಅಂಗಿಗಳ ಕೊನೆಯ ಹೊಲಿಗೆ ಬಿಚ್ಚಿರಿ. ತಾನು ಮಾತ್ರ ಪಟ್ಟಿಯಿಲ್ಲದ ಅಂಗಿಯಲ್ಲೇ ತಿರುಗಾಡಿದಳು, ತನಗೆ ಅದೇ ಸರಿಯೆಂದು.

ಇಸುಲ ಮೂರು ದಿನ ನಿದ್ದೆ ಮಾಡಿ ಎದ್ದು, ಹುಟ್ಟಿದ ಮೇಲೆ ಮೊದಲ ಬಾರಿಗೆ ಸೂಜಿ ಹಿಡಿದಳು. ಬೆರಳಿಗೆಲ್ಲ ಚುಚ್ಚಿಕೊಂಡು ಅಕ್ಕನ ಅಂಗಿಗೆ ಕೆಂಪು ಪಟ್ಟಿ ಹಚ್ಚಿದಳು.

"ಅಕ್ಕಾ, ಕೊನೆಯದೊಂದು ಬಿಟ್ಟಿದ್ದೀನಿ ನೋಡು."

ದಲ್ಲೆ ತಿರುಗಿಸಿ ನೋಡಿದಳು. ಒಂದಲ್ಲ, ಹನ್ನೊಂದು ಕಡೆ ಹೊಲಿಗೆ ಬಿಟ್ಟಿತ್ತು. ಅವಳು ನಕ್ಕಳು, ನಗುತ್ತ ಅತ್ತಳು, ಆ ಅಂಗಿ ತೊಟ್ಟು ಎಷ್ಟೋ ದಿನಗಳ ಮೇಲೆ ಒಂದು ಕಡೆ ಸುಮ್ಮನೆ ಕೂತಳು. ಆಮೇಲೆ ಅವರೆಲ್ಲ ಉಂಡು, ಮಲಗಿ, ಎದ್ದು ನೂರು ವರ್ಷ ಬಾಳಿದರು. ನಿಮ್ಮ ಅಂಗಿಯ ಅಂಚಲ್ಲಿ ಎಲ್ಲಾದರೂ ಒಂದು ಹೊಲಿಗೆ ಬಿಟ್ಟಿದ್ದರೆ ಬೈಯಬೇಡಿ, ಹೊಲಿದವರು ನಿಮ್ಮ ಒಳ್ಳೆಯದನ್ನೇ ಬಯಸಿದ್ದಾರೆ.