ಫ್ಯಾನಿನ ಮೇಲಿನ ಕೆಂಪು ಗೀಟು

"ಇದು ಯಾವ ಪಾರ್ಟ್‌ರೀ?"

ರಿಪೇರಿಗೆ ಬಂದ ಕಾಂತು ನನ್ನೊಡನೆ ಆಡಿದ ಮೊದಲ ಮಾತು ಇದು. ಅವನ ಎರಡು ಬೆರಳುಗಳ ನಡುವೆ ಒಣಗಿ ಕಪ್ಪಾದ ಒಂದು ನಿಂಬೆಹಣ್ಣಿತ್ತು. ಅದನ್ನು ಅವನು ಹೊರತೆಗೆದದ್ದು ನಮ್ಮ ಕಂಪ್ಯೂಟರಿನ ಹೊಟ್ಟೆಯೊಳಗಿಂದ.

ನಾಚಿಕೆಯಾದಾಗ ನನಗೆ ಸಿಟ್ಟು ಬರುತ್ತದೆ. ಹುಟ್ಟುಗುಣ, ಏನು ಮಾಡಲಿ? "ನಿಂಬಿಹಣ್ರಿ ಅದು. ಇಂಡ್ಯಾಗ ಅಂಗಡಿ ಇಟ್ಟು ನಿಂಬಿಹಣ್ಣು ನೋಡಿಲ್ಲೇನು?" ಅಂದೆ.

"ನೋಡೇನ್ರಿ. ಗಿಡದಾಗ ನೋಡೇನಿ, ಸಂತ್ಯಾಗ ನೋಡೇನಿ. ಪ್ರೊಸೆಸರ್ ಮಗ್ಗಲಕ ನೋಡಿದ್ದು ಇದ ಮೊದಲ."

ಅವನು ನಗಲಿಲ್ಲ. ಆದರೆ ಮೀಸೆಯ ತುದಿ ಮಾತ್ರ ಒಂದು ಚೂರು ಮೇಲೆದ್ದಿತು. ನಾನು ಆ ತುದಿಯನ್ನೇ ನೋಡಿದೆ, ಮತ್ತೆ ಸಿಟ್ಟು ಬಂತು.

ಆ ನಿಂಬೆಹಣ್ಣು ಅಲ್ಲಿಗೆ ಬಂದದ್ದು ನನ್ನಪ್ಪನಿಂದ. ಅಪ್ಪ ಗುರಪ್ಪ ಮೂವತ್ತು ವರ್ಷ ನಮ್ಮೂರು ಇಂಡಿಯಿಂದ ನಿಂಬೆಹಣ್ಣಿನ ಲೋಡು ಹೊತ್ತು ಲಾರಿ ಓಡಿಸಿದವನು. ಮೊಣಕಾಲು ಕೈಕೊಟ್ಟ ಮೇಲೆ ಲಾರಿ ಮಾರಿ ಮನೆ ಹಿಡಿದ. ನಾನು ಮದುವೆ ಆಲ್ಬಂ ಡಿಸೈನ್ ಮಾಡುವವಳು. ಆ ಕೆಲಸಕ್ಕೆಂದು, ಸೊಲ್ಲಾಪುರದಲ್ಲಿ ಬಾಗಿಲು ಹಾಕಿದ ಗೇಮಿಂಗ್ ಸೆಂಟರೊಂದರಿಂದ ಹಳೆಯ ಗೇಮಿಂಗ್ ಪಿಸಿ ತಂದಿದ್ದೆ. ಅದರಲ್ಲಿ ಲಾರಿ ಓಡಿಸುವ ಒಂದು ಗೇಮ್ ಇತ್ತು. ಬೇಸರ ಕಳೆಯಲಿ ಎಂದು ಒಂದು ಸಂಜೆ ಅಪ್ಪನಿಗೆ ತೋರಿಸಿದೆ. ಅಂದಿನಿಂದ ಮುಂಜಾನೆ ನನ್ನ ಆಲ್ಬಂ, ಸಂಜೆ ಅಪ್ಪನ ಲಾರಿ.

ಅಪ್ಪ ಅದನ್ನು ಆಟ ಎಂದು ಒಂದು ದಿನವೂ ಕರೆಯಲಿಲ್ಲ. "ಡ್ಯೂಟಿ" ಅನ್ನುತ್ತಿದ್ದ. ಕೀಬೋರ್ಡ್ ಮುಟ್ಟಿ ಕಣ್ಣಿಗೊತ್ತಿಕೊಂಡೇ ಕೂಡುತ್ತಿದ್ದ. ಅಮಾವಾಸ್ಯೆ ಬಂತೆಂದರೆ ಲಾರಿಗೆ ಮಾಡುತ್ತಿದ್ದಂತೆಯೇ ಕಂಪ್ಯೂಟರಿಗೂ ಪೂಜೆ. ವಿಭೂತಿ, ಕುಂಕುಮ, ಎದುರಿಗೆ ನಿಂಬೆಹಣ್ಣು ಮೆಣಸಿನಕಾಯಿಯ ಸರ, ಕೋಣೆ ತುಂಬ ಊದಿನಕಡ್ಡಿಯ ಹೊಗೆ. ಆ ಹೊಗೆ, ಆ ವಿಭೂತಿಯ ಪುಡಿ ಎಲ್ಲವನ್ನೂ ಮುಂದಿನ ಫ್ಯಾನು ಎರಡು ವರ್ಷ ತಪ್ಪದೆ ಒಳಗೆ ಎಳೆದುಕೊಂಡಿತ್ತು. ದೃಷ್ಟಿಯಾಗದಿರಲಿ ಎಂದು ಒಳಗೂ ಒಂದು ಹಣ್ಣು ಇಟ್ಟಿದ್ದಾನೆಂದು ನನಗೂ ಅಂದೇ ಗೊತ್ತಾದದ್ದು. ಏಪ್ರಿಲ್ ಬಿಸಿಲು ಏರಿದ್ದೇ ತಡ, ಕಂಪ್ಯೂಟರ್ ಅರ್ಧ ತಾಸಿಗೊಮ್ಮೆ ತಾನಾಗಿಯೇ ಬಂದ್ ಆಗತೊಡಗಿತು.

"ಇಂಜಿನ್ ಹೀಟ್ ಆಗಾಕತ್ತೈತಿ," ಅಂದ ಅಪ್ಪ, ಕಾಂತುವಿನ ಪಕ್ಕ ಕುರ್ಚಿ ಎಳೆದುಕೊಂಡು. "ಇದಕ್ಕ ರೇಡಿಯೇಟರ್ ಇರೂದಿಲ್ಲೇನಪಾ?"

ಕಾಂತು ಮೊದಲ ಬಾರಿಗೆ ಮುಖ ತುಂಬ ನಕ್ಕ. "ಸಿಗತೈತ್ರಿ ಕಾಕಾ, ನೀರು ಹರಿಯೂದು. ಆದ್ರ ಈ ಹಳೇ ಪ್ರೊಸೆಸರ್‌ಗೆ ಅಷ್ಟು ಬ್ಯಾಡ. ನಾಳೆ ಪಂಪ್ ಕೆಟ್ರ ನಿಮಗ ತ್ರಾಸ. ಗಾಳಿದು ದೊಡ್ಡ ಕೂಲರ್ ಒಂದು ಹಾಕೂಣು, ಹಿಂದ ಒಂದು ಫ್ಯಾನ್ ಕೂಡ್ಸೂಣು. ಸಾಕು."

ಅಪ್ಪ ನನ್ನ ಕಡೆ ತಿರುಗಿ ಹುಬ್ಬು ಏರಿಸಿದ. ಬೇಡವಾದದ್ದನ್ನು ಬೇಡ ಎನ್ನುವ ಮಿಸ್ತ್ರಿಯನ್ನು ಅಪ್ಪ ಮೂವತ್ತು ವರ್ಷ ರಸ್ತೆಗಳಲ್ಲಿ ಹುಡುಕಿದವನು.

ಕಾಂತು ಹೂವಿನ ಹಿಪ್ಪರಗಿಯವನು. ಇಂಡಿಯ ಬಸ್‌ಸ್ಟ್ಯಾಂಡಿನ ಹತ್ತಿರ ರಿಪೇರಿ ಅಂಗಡಿ ತೆರೆದು ಮೂರು ತಿಂಗಳಾಗಿತ್ತು. ಹೊಸಬನ ಕೈಗೆ ಕಂಪ್ಯೂಟರ್ ಕೊಡಲು ಜನ ಹಿಂದುಮುಂದು ನೋಡುತ್ತಿದ್ದರು. "ಈ ತಿಂಗಳೂ ಕೆಲಸ ಹತ್ತಲಿಲ್ಲಂದ್ರ ಶಟರ್ ಎಳದು ಊರಿಗೆ ಹೋಗೂದ್ರಿ," ಎಂದು ಅಪ್ಪನ ಹತ್ತಿರ ಹೇಳುವಾಗ ಅವನ ದನಿ ಸಣ್ಣದಾಗಿತ್ತು. ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ. ನನಗೆ ಅಲ್ಲಿ ಕೆಲಸವೇನೂ ಇರಲಿಲ್ಲ.

ಮೊದಲ ದಿನ ಬ್ರಶ್ ಹಿಡಿದು ವಿಭೂತಿ, ಮಸಿ ಎಲ್ಲ ಕೆರೆದು ತೆಗೆದ. ಎರಡನೇ ಸಲ ಹೊಸ ಕೂಲರ್ ತಂದ. ಆದರೆ ಹಳೆಯ ಬೋರ್ಡಿಗೆ ಕೂಡುವ ಕ್ಲಿಪ್ ಬಂದಿಲ್ಲ, ಇನ್ನೊಮ್ಮೆ ಬರಬೇಕು ಎಂದ. ನಾನು ಮುಖ ಸಪ್ಪಗೆ ಮಾಡಿಕೊಂಡು, "ಅಯ್ಯ, ಹೌದೇನ್ರಿ," ಅಂದೆ. ಒಳಗೆ ಹೋಗಿ ಒಬ್ಬಳೇ ನಕ್ಕೆ.

ಮೂರನೇ ಸಲ ಕ್ಲಿಪ್ ಬಂತು. ನನಗೆ ಟಾರ್ಚ್ ಹಿಡಿಯುವ ಕೆಲಸ.

"ಸ್ವಲ್ಪ ಎಡಕ್ಕ ಹಿಡೀರಿ. ಇನ್ನಾ ಸ್ವಲ್ಪ. ಅಲ್ರಿ, ಅದು ನನ್ನ ಕಿವಿ."

"ಗೊತ್ತೈತ್ರಿ. ಅದೂ ಹೀಟ್ ಆಗೇತೇನಂತ ನೋಡಿದೆ. ಕೆಂಪಾಗೈತಿ."

ಅವನು ತಲೆ ಎತ್ತಲಿಲ್ಲ. ಕಿವಿ ಇನ್ನೂ ಕೆಂಪಾಯಿತು. ಪ್ರೊಸೆಸರಿನ ಬಿಸಿಯನ್ನು ಕೂಲರಿಗೆ ದಾಟಿಸುವ ಹಳೆಯ ಪೇಸ್ಟ್ ಒಣಗಿ ಕಲ್ಲಾಗಿತ್ತು, ಅದನ್ನು ಮೆತ್ತಗೆ ಒರೆಸಿ, ಪ್ರೊಸೆಸರಿನ ನಡುವೆ ಹೊಸದನ್ನು ಒಂದೇ ಒಂದು ಬೊಟ್ಟು ಇಟ್ಟ.

"ಇಷ್ಟ ಏನ್ರಿ?"

"ಜ್ವಾಳದ ಕಾಳಿನಷ್ಟು ಸಾಕ್ರಿ. ಒತ್ತಿದ್ರ ತಾನ ಹರಡತೈತಿ. ಹೆಚ್ಚಾದ್ರ ಉಪಯೋಗಿಲ್ಲ."

ಕೂಲರ್ ಕೂಡಿಸಿ, ಹಿಂದಿನ ಫ್ಯಾನು ಬಿಗಿದು, ಅವನು ಜೇಬಿನಿಂದ ಕೆಂಪು ಮಾರ್ಕರ್ ತೆಗೆದ. ಪ್ರತಿ ಸ್ಕ್ರೂವಿನ ತಲೆಯಿಂದ ಪಕ್ಕದ ತಗಡಿನ ಮೇಲೆ ಒಂದು ಸಣ್ಣ ಗೀಟು ಎಳೆದ. ಅದು ಅವನಿಗೆ ಕೆಲಸ ಕಲಿಸಿದ ಮಶಾಕಸಾಬರ ಪದ್ಧತಿಯಂತೆ. ಅವರು ಮೊದಲು ಲಾರಿ ಮೆಕ್ಯಾನಿಕ್ ಆಗಿದ್ದವರು. ಯಾರಾದರೂ ಬಿಚ್ಚಿದರೆ ಗೀಟು ಮುರಿದು ಗುರುತು ಸಿಗುತ್ತದೆ, ಹೀಗೇನೋ ಹೇಳುತ್ತಿದ್ದ. ನಾನು ಅವನ ಬೆರಳುಗಳನ್ನು ನೋಡುತ್ತಿದ್ದೆ. ಮಾತು ಅರ್ಧ ಕಿವಿಗೆ ಬಿತ್ತು.

ಕಂಪ್ಯೂಟರ್ ಹಚ್ಚಿದೆವು. ತೊಂಬತ್ತೇಳು ಡಿಗ್ರಿಗೆ ಹೋಗುತ್ತಿದ್ದ ಬಿಸಿ ಅರವತ್ತೆಂಟಕ್ಕೆ ನಿಂತಿತು. ಅಪ್ಪ ಪರದೆಯ ಮೇಲಿನ ಲಾರಿಯನ್ನು ಒಂದು ತಾಸು ಓಡಿಸಿ, ಕಾಂತುವಿನ ಬೆನ್ನು ತಟ್ಟಿದ.

"ನಿಂಬಿಹಣ್ಣಿನ ವ್ಯಾಪಾರಸ್ಥರ ಸಂಘದಾಗ ಆರು ಕಂಪ್ಯೂಟರ್ ಅದಾವ. ನೋಡ್ಕೊಳ್ಳಾಕ ಖಾಯಂ ಮನಷ್ಯಾ ಬೇಕಂತ. ಸೋಮವಾರ ನಾನ ಹೋಗಿ ನಿನ್ನ ಹೆಸರು ಹೇಳ್ತೇನಿ."

ಅಂಗಡಿ ಉಳಿಯುತ್ತದೆ ಎಂಬುದು ಕಾಂತುವಿನ ಮುಖದಲ್ಲೇ ಕಂಡಿತು. ಚಪ್ಪಲಿ ಮೆಟ್ಟಿಕೊಂಡವನು ಹೊಸ್ತಿಲ ಹತ್ತಿರ ನಿಂತು ನನಗೆ ಹೇಳಿದ: "ಇನ್ನ ನಾ ಬರೂ ಕೆಲಸ ಬೀಳೂದಿಲ್ರಿ." ಬ್ಯಾಗು ಹೆಗಲಿಗೇರಿಸಿ ಅದೇ ಮಾತನ್ನು ಮತ್ತೊಮ್ಮೆ ಹೇಳಿದ. "ಬೀಳೂದಿಲ್ಲ, ಹೌದಲ್ರಿ?"

"ಹೌದ್ರಿ," ಅಂದೆ ನಾನು, ಶತದಡ್ಡಿ. ಅವನು ಹೋದ ಮೇಲೆ ಮನೆ ತಣ್ಣಗಾಗಿತ್ತು, ಕಂಪ್ಯೂಟರೂ ತಣ್ಣಗಾಗಿತ್ತು, ನನಗೆ ಅಳು ಬಂತು.

ಮರುದಿನ ಭಾನುವಾರ. ಅಪ್ಪ, ಅವ್ವ ಮಸೂತಿ ಎಂಬ ಊರಿಗೆ ಲಗ್ನಕ್ಕೆ ಹೋದರು. ಮಧ್ಯಾಹ್ನ ಊಟ ಮಾಡಿ ಕೈತೊಳೆದೆ. ಆಮೇಲೆ ಹೊಲಿಗೆ ಮಷಿನ್ನಿನ ಡಬ್ಬಿಯಿಂದ ಸ್ಕ್ರೂಡ್ರೈವರ್ ತೆಗೆದೆ. ಹಿಂದಿನ ಫ್ಯಾನಿನ ನಾಲ್ಕು ಸ್ಕ್ರೂ ಬಿಚ್ಚಿ, ಫ್ಯಾನನ್ನು ಹಿಂದುಮುಂದಾಗಿ ತಿರುಗಿಸಿ ಮತ್ತೆ ಬಿಗಿದೆ. ಹೊರಗೆ ತಳ್ಳಬೇಕಾದ ಗಾಳಿಯನ್ನು ಇನ್ನು ಅದು ಒಳಗೆ ತಳ್ಳುತ್ತದೆ. ಕಂಪ್ಯೂಟರ್ ಸ್ವಲ್ಪ ಬಿಸಿಯಾಗುತ್ತದೆ, ಅಪ್ಪ ಕಾಂತುಗೆ ಫೋನ್ ಹಚ್ಚು ಅನ್ನುತ್ತಾನೆ, ಅವನು ಬರುತ್ತಾನೆ. ನನ್ನ ಲೆಕ್ಕ ಇಷ್ಟೇ ಇತ್ತು.

ಸಂಜೆ ಅಪ್ಪ ಡ್ಯೂಟಿಗೆ ಕೂತ. ಹಿಂದಿನ ಸಂಜೆಯಿಂದ ಎಳೆಯುತ್ತಿದ್ದ ದೂರದ ಲೋಡು ಅದು. ಊರು ಹತ್ತು ಕಿಲೋಮೀಟರ್ ಇದೆ ಅನ್ನುವಾಗ ಪರದೆ ಕಪ್ಪಾಯಿತು.

ಅಪ್ಪ ಪವರ್ ಬಟನ್ ಎರಡು ಸಲ ಒತ್ತಿ ನೋಡಿದ. ಆಮೇಲೆ ಎದ್ದ. "ಅರೆಬರೆ ಮಿಸ್ತ್ರಿ! ಬಾಯಿ ಮಾತಿಗೆ ಮರುಳಾದೆ ನಾನು. ಒಂದು ಡಬ್ಬಿ ನೆಟ್ಟಗ ಮಾಡಾಕ ಬರಲಾರದಾವ ಸಂಘದಾಗ ಆರು ಹೆಂಗ ನೋಡ್ತಾನ? ನಾ ಅವನ ಹೆಸರು ಹೇಳೂದಿಲ್ಲ."

ಕಾಂತುವನ್ನು ಮನೆಗೆ ಕರೆಸಲು ಹೋಗಿ ಅವನನ್ನು ಇಂಡಿಯಿಂದಲೇ ಓಡಿಸಿಬಿಡುತ್ತಿದ್ದೆ. ಅಲ್ಲೇ ಬಾಯಿಬಿಟ್ಟು ಹೇಳಬೇಕಿತ್ತು. ಹೇಳಲಿಲ್ಲ. ಅಂಜಿದೆ. ಫೋನ್ ಮಾತ್ರ ಹಚ್ಚಿದೆ.

ಸೋಮವಾರ ಮುಂಜಾನೆ ಕಾಂತು ಬಂದ. ಅಪ್ಪ ಅವನಿಗೆ ಕೂಡು ಎನ್ನಲಿಲ್ಲ. ಕಾಂತು ಕಂಪ್ಯೂಟರ್ ಹಚ್ಚಿ ಕಿವಿಗೊಟ್ಟು ಕೇಳಿದ. "ಕಾಕಾ, ಒಂದು ಊದಿನಕಡ್ಡಿ ಕೊಡ್ರಿ," ಅಂದ.

"ಈಗ ಪೂಜೆ ಮಾಡಿ ಏನು ಬಂತು?"

"ಪೂಜೆಗಲ್ರಿ. ಗಾಳಿ ಯಾ ಕಡೆ ಹೊಂಟೈತಿ, ಹೊಗಿ ತೋರಸತೈತಿ."

ಅವನು ಕಡ್ಡಿ ಹೊತ್ತಿಸಿ ಹಿಂದಿನ ಫ್ಯಾನಿನ ಹತ್ತಿರ ಹಿಡಿದ. ಹೊರಕ್ಕೆ ಬರಬೇಕಾದ ಹೊಗೆ ಸರ್ರನೆ ಒಳಗೆ ಹೋಯಿತು. ಕಾಂತು ಬಗ್ಗಿ ನೋಡಿದ. ನಾಲ್ಕು ಸ್ಕ್ರೂಗಳ ಮೇಲೂ ಕೆಂಪು ಗೀಟು ಮುರಿದಿತ್ತು, ಒಂದೊಂದು ಒಂದೊಂದು ದಿಕ್ಕಿಗೆ. ಅರ್ಧ ಕಿವಿಯಲ್ಲಿ ಕೇಳಿದ ಮಾತು ಆಗ ನನಗೆ ಪೂರ್ತಿ ಕೇಳಿಸಿತು.

ಅವನು ತಲೆ ಎತ್ತಿ ನನ್ನನ್ನು ನೋಡಿದ. ಇಷ್ಟು ದಿನ ಕದ್ದು ಕದ್ದು ನೋಡಿದವನು ಆಗ ನೇರವಾಗಿ ನೋಡಿದ. ಮೊದಲು ಅವನ ಕಣ್ಣಲ್ಲಿ ಪ್ರಶ್ನೆ ಇತ್ತು. ನಾನು ನೆಲ ನೋಡಿದೆ. ಮತ್ತೆ ಕಣ್ಣೆತ್ತಿದಾಗ ಆ ಪ್ರಶ್ನೆ ಇರಲಿಲ್ಲ, ಮೀಸೆಯ ತುದಿ ಮೇಲೆದ್ದಿತ್ತು.

"ನಂದ ತಪ್ಪರಿ ಕಾಕಾ," ಅಂದ ಅವನು. "ಫ್ಯಾನ್ ಉಲ್ಟಾ ಕೂಡ್ಸೇನಿ. ಗಡಿಬಿಡ್ಯಾಗ ನೋಡಿಲ್ಲ."

"ಹಂಗಿದ್ರ ಸಂಘದ ಮಾತು ಮರತ ಬಿಡು."

"ಆತ್ರಿ."

ಎಷ್ಟು ಸಲೀಸಾಗಿ ಅಂದ! ಮೂರು ತಿಂಗಳ ಅಂಗಡಿಯನ್ನು ನನ್ನ ಮಾನಕ್ಕಾಗಿ ಬಿಟ್ಟುಕೊಟ್ಟು, ಸ್ಕ್ರೂಡ್ರೈವರ್ ಹುಡುಕತೊಡಗಿದ. ಈ ಮನುಷ್ಯನನ್ನು ನಾನು ಪ್ರೀತಿಸುತ್ತೇನೆ ಎಂದು ಅನುಮಾನವಿಲ್ಲದೆ ಗೊತ್ತಾದದ್ದು ಆಗಲೇ.

"ಅಪ್ಪಾ, ಅವ್ರು ಸುಳ್ಳು ಹೇಳಾಕತ್ತಾರ. ಫ್ಯಾನ್ ತಿರುವಿದಾಕಿ ನಾನು."

ಅಪ್ಪ ನನ್ನನ್ನು ನೋಡಿದ. "ನೀನಾ? ಯಾಕವಾ?"

"ಇನ್ನ ನಾ ಬರೂದಿಲ್ಲ ಅಂದ್ರು. ಅದಕ್ಕ." ಇಷ್ಟು ಹೇಳಿದ ಮೇಲೆ ನಿಲ್ಲಿಸಲಿಲ್ಲ. "ಅವ್ರು ಬರಬೇಕು ನನಗ. ಕಂಪ್ಯೂಟರ್ ಕೆಟ್ರೂ ಬರಬೇಕು, ನೆಟ್ಟಗಿದ್ರೂ ಬರಬೇಕು."

ಕಾಂತುವಿನ ಕೈಯಲ್ಲಿನ ಸ್ಕ್ರೂಡ್ರೈವರ್ ಕೆಳಗೆ ಬಿತ್ತು. ಅಡುಗೆಮನೆಯಿಂದ ಅವ್ವ ಚಂದವ್ವನ ದನಿ ಬಂತು. "ನನಗ ಮೊದಲ ಗೊತ್ತಿತ್ತು. ಈ ಹುಡುಗ ಬಂದ ದಿನ ಅಷ್ಟ ಇಕಿ ಚಾದಾಗ ಯಾಲಕ್ಕಿ ಹಾಕತಿದ್ಲು."

"ಕಾಕಾ," ಅಂದ ಕಾಂತು, ಬಿದ್ದದ್ದನ್ನು ಎತ್ತಿಕೊಳ್ಳದೆ. "ನಂದೂ ಒಂದು ಸುಳ್ಳು ಐತ್ರಿ. ಆ ಕ್ಲಿಪ್ ಕೂಲರ್ ಸಂಗಾಟ ಬಂದಿತ್ತು. ಬ್ಯಾಗಿನಾಗ ಇಟ್ಕೊಂಡು, 'ಬಂದಿಲ್ಲ' ಅಂದೆ. ಇನ್ನೊಂದು ಸಲ ಬರೂ ಸಲವಾಗಿ."

ಈಗ ನಾನು ಅವನನ್ನು ನೇರವಾಗಿ ನೋಡಿದೆ. ನಾನು ಸಪ್ಪೆ ಮುಖ ಮಾಡಿ ಒಳಗೆ ಹೋಗಿ ನಕ್ಕ ದಿನ, ಇವನು ಬಸ್‌ಸ್ಟ್ಯಾಂಡಿನ ತನಕ ನಕ್ಕಿರಬೇಕು.

ಅಪ್ಪ ಅವನನ್ನು ನೋಡಿದ, ನನ್ನನ್ನು ನೋಡಿದ, ಕಪ್ಪು ಪರದೆ ನೋಡಿದ. "ನಿಮ್ಮಿಬ್ಬರ ಆಟದಾಗ ನನ್ನ ಲೋಡು ಹತ್ತು ಕಿಲೋಮೀಟರ್ ದೂರ ನಿಂತೈತಿ," ಅಂದ. "ಮೊದಲ ಫ್ಯಾನ್ ಸೀದಾ ಮಾಡ್ರಿ, ಇಬ್ಬರೂ ಕೂಡಿ. ಆಮ್ಯಾಲ ಇಂವನ್ನ ಸಂಘಕ್ಕ ಕರ್ಕೊಂಡು ಹೋಗ್ತೇನಿ." ಕುರ್ಚಿಯಲ್ಲಿ ಕೂತು, ಬೇರೆ ಏನೋ ನೆನಪಾದವನಂತೆ ಕೇಳಿದ: "ಹಿಪ್ಪರಗ್ಯಾಗ ನಿಮ್ಮ ಮನ್ಯಾಗ ಹಿರ್ಯಾರು ಯಾರದಾರ? ಫೋನ್ ನಂಬರ್ ಬರದು ಕೊಡು."

ನಾನು ಟಾರ್ಚ್ ಹಿಡಿದೆ, ಈ ಸಲ ಫ್ಯಾನಿನ ಮೇಲೆಯೇ. ನಾಲ್ಕು ಸ್ಕ್ರೂ ಬಿಗಿದ ಮೇಲೆ ಕಾಂತು ಕೆಂಪು ಮಾರ್ಕರ್ ನನ್ನ ಕೈಗೆ ಕೊಟ್ಟ. ಗೀಟು ಎಳೆದೆ. ಸೊಟ್ಟಗಾಯಿತು.

"ಸೊಟ್ಟ ಆತ್ರಿ."

"ಇರಲಿ ಬಿಡು," ಅಂದ. 'ರಿ' ಬಿದ್ದುಹೋಗಿತ್ತು. ಅವನ ಕಿವಿ ಟಾರ್ಚ್ ಇಲ್ಲದೆಯೇ ಕೆಂಪಗೆ ಕಂಡಿತು.

ಕಂಪ್ಯೂಟರ್ ಹಚ್ಚಿದೆವು. ಊದಿನಕಡ್ಡಿಯ ಹೊಗೆ ಈ ಸಲ ಹೊರಕ್ಕೆ ಹಾರಿತು. ನಿಜವೋ ಎಂದು ನೋಡಲು ನಾನು ಪೆಟ್ಟಿಗೆಯ ಹಿಂದೆ ಅಂಗೈ ಹಿಡಿದೆ. ಅವನೂ ಹಿಡಿದ. ಬೆಚ್ಚನೆಯ ಗಾಳಿ ಇಬ್ಬರ ಅಂಗೈಗೂ ಬಡಿಯಿತು. ನಮ್ಮ ಬೆರಳುಗಳು ಒಂದಕ್ಕೊಂದು ತಾಗಿದವು, ಯಾರೂ ಕೈ ತೆಗೆಯಲಿಲ್ಲ. ಮುಂದೆ ಅಪ್ಪ ಲಾರಿ ಎಬ್ಬಿಸಿ ಜೋರಾಗಿ ಹಾರ್ನ್ ಹೊಡೆದ.

ಹೊರಡುವ ಮೊದಲು ಅವನು ಬ್ಯಾಗಿನಲ್ಲಿ ಸ್ಕ್ರೂಡ್ರೈವರ್ ಇಡುವಾಗ ಒಳಗೆ ಒಂದು ಸಣ್ಣ ಕಪ್ಪು ವಸ್ತು ಕಂಡಿತು. ಕೈಹಾಕಿ ತೆಗೆದೆ. ಅದೇ ಒಣಗಿದ ನಿಂಬೆಹಣ್ಣು.

"ಇದು ಯಾವ ಪಾರ್ಟ್‌ರೀ?" ಅಂದೆ.

ಕಾಂತು ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಬ್ಯಾಗಿನಲ್ಲಿ ಮೊದಲಿದ್ದ ಜಾಗದಲ್ಲೇ ಜೋಪಾನವಾಗಿ ಇಟ್ಟ.

"ಮೊದಲನೇ ದಿನದ್ದು," ಅಂದ. "ಅವತ್ತಿನಿಂದ ಇಟ್ಕೊಂಡೇನಿ. ದೃಷ್ಟಿ ಆಗಬಾರದಲ್ಲ."