ಮಂಜಿನಲ್ಲಿ ನುಂಗಿಕೊಂಡ ಮಾತು

"ಇವತ್ತು ಇಲ್ಲಿ ಶಿಷ್ಯರು ಯಾರೂ ಇಲ್ಲ, ಎಲ್ಲರೂ ಲೀಡರ್‌ಗಳೇ," ಎಂದರು ಮೇಷ್ಟ್ರು, ಬೂಟಿನ ದಾರ ಬಿಗಿಯುತ್ತ. "ಸರದಿ ಮೇಲೆ ತಂಡ ನಡೆಸೋದು. ತುದಿ ಮುಟ್ಟಿ, ಉತ್ತರದ ಕಡೆ ಬೆಟ್ಟದ ಏಣು ಹಿಡಿದು ಇಳಿದು, ಕತ್ತಲಾಗೋದ್ರೊಳಗೆ ವ್ಯಾನ್ ಹತ್ತಿರ ಇರಬೇಕು."

ನರ್ಸು, ಡ್ರೈವರು, ಬಡಗಿ ಮೂವರೂ ರಜಾದಿನಗಳಲ್ಲಿ ಜನರನ್ನು ಬೆಟ್ಟ ಹತ್ತಿಸುವವರು. ಮೂವರಿಗೂ ಬೆಟ್ಟ ಕಲಿಸಿದವರು ಇದೇ ಮೇಷ್ಟ್ರು. ಕಲಿತದ್ದಕ್ಕೆ ತುಕ್ಕು ಹಿಡಿಯಬಾರದೆಂದು ಅವರೇ ಎಲ್ಲರನ್ನೂ ಕರೆಸಿದ್ದರು.

ಹತ್ತುವಾಗ ಬಿಸಿಲಿತ್ತು. ಹುಲ್ಲುಗಾವಲು ಮುಗಿದು ಬರಿಯ ಬಂಡೆ ಶುರುವಾಯಿತು. ಕೆಳಗಿನ ಕಣಿವೆಯಲ್ಲಿ ಹೊಳೆ ದಾರದ ಎಳೆಯಂತೆ ಕಂಡಿತು. ತುದಿ ಮುಟ್ಟಿ ನೀರು ಕುಡಿಯುವಷ್ಟರಲ್ಲಿ ಎಲ್ಲಿತ್ತೋ ಏನೋ, ಮಂಜು ಬಂದು ಕಣಿವೆಯನ್ನೂ ಹೊಳೆಯನ್ನೂ ಒರೆಸಿಹಾಕಿತು.

ಇಳಿಯುವಾಗ ತಂಡ ನಡೆಸುವ ಸರದಿ ಮೇಷ್ಟ್ರದು. ಒದ್ದೆಯಾದ ಕನ್ನಡಕ ಒರೆಸಿ, ದಿಕ್ಸೂಚಿ ನೋಡಿ, "ಬನ್ನಿ" ಎಂದು ಹೊರಟೇಬಿಟ್ಟರು.

ನರ್ಸು ತನ್ನ ದಿಕ್ಸೂಚಿ ನೋಡಿಕೊಂಡಳು. ಅವರು ಹೊರಟದ್ದು ಉತ್ತರಕ್ಕಲ್ಲ, ಪೂರ್ವಕ್ಕೆ. ಆ ಕಡೆ ಇದ್ದದ್ದು ಕಡಿದಾದ ಇಳಿಜಾರು.

"ದಾರಿ ತಪ್ಪಿದ ಹಾಗಿದೆ ಕಣೋ," ಎಂದು ಬಡಗಿಯ ಕಿವಿಯಲ್ಲಿ ಉಸುರಿದಳು.

"ನೀವೇ ಹೇಳಿ ಅಕ್ಕಾ."

"ಮೇಷ್ಟ್ರಿಗೆ ನಾನು ಹೇಳೋದಾ?"

ಇನ್ನೊಂದು ಸ್ವಲ್ಪ ನೋಡೋಣ, ಅವರಿಗೇ ಗೊತ್ತಾಗುತ್ತದೆ ಎಂದುಕೊಂಡಳು. ಗಂಟಲಿಗೆ ಬಂದ ಮಾತನ್ನು ನುಂಗಿಕೊಂಡಳು.

ಮುಂದಿದ್ದವರ ಕಾಲಡಿಯ ಕಲ್ಲು ಜಾರಿತು.

ಮೇಷ್ಟ್ರು ಕೂಗಲೂ ಇಲ್ಲ. ಮಂಜಿನೊಳಗೆ ಜಾರಿ ಮಾಯವಾದರು. ಕಲ್ಲುಗಳು ಉರುಳುವ ಸದ್ದು ನಿಂತ ಮೇಲೆ ಕೆಳಗಿನಿಂದ ನರಳಾಟ ಕೇಳಿತು.

"ಯಾರೂ ಕದಲಬೇಡಿ! ಹಗ್ಗ ತೆಗಿ. ಆ ಬಂಡೆಗೆ ಸುತ್ತು!" ಈಗ ಅವಳ ಬಾಯಿಗೆ ಮಾತು ಬಂದಿತ್ತು.

ಅವಳು ಹಗ್ಗ ಹಿಡಿದು ಇಳಿದಳು. ಪೊದೆಯೊಂದು ಮೇಷ್ಟ್ರನ್ನು ತಡೆದಿತ್ತು. ಅದರಾಚೆ ಬರೀ ಬಿಳುಪು. ಮೊಣಕಾಲಿನ ಕೆಳಗೆ ಮೂಳೆ ಮುರಿದಿತ್ತು. ತನ್ನ ಊರುಗೋಲನ್ನು ಆಸರೆಯಾಗಿಟ್ಟು ಕಾಲನ್ನು ಬಿಗಿದಳು, ಎದೆಗೆ ಹಗ್ಗ ಕಟ್ಟಿದಳು. ಮೇಲಿನಿಂದ ಇಬ್ಬರೂ ಎಳೆದರು. ಅವಳು ಕೆಳಗಿನಿಂದ ಅವರ ಮುರಿದ ಕಾಲಿಗೆ ಆಸರೆ ಕೊಡುತ್ತ ತೆವಳಿದಳು. ಪ್ರತಿ ಎಳೆತಕ್ಕೂ ಮೇಷ್ಟ್ರು ಹಲ್ಲು ಕಚ್ಚಿದರು.

ಫೋನಿಗೆ ಸಿಗ್ನಲ್ ಇರಲಿಲ್ಲ. ಮೇಷ್ಟ್ರ ತುಟಿ ಚಳಿಗೆ ನೀಲಿಯಾಗುತ್ತಿತ್ತು. ಕಾಯುತ್ತ ಕೂರುವಂತಿರಲಿಲ್ಲ.

"ಉತ್ತರದ ಏಣು ಹಿಡಿದೇ ಇಳಿಯೋಣ್ವಾ?" ಡ್ರೈವರ್ ಕೇಳಿದ.

"ಬೇಡ. ಹತ್ತಿದ ದಾರೀಲೇ ಇಳಿಯೋಣ. ಗೊತ್ತಿರೋ ದಾರಿ."

ಬಡಗಿ ಕೋಲು, ಹಗ್ಗ, ಮಳೆಕೋಟುಗಳಿಂದ ಡೋಲಿ ಕಟ್ಟಿದ. ಇಬ್ಬರು ಹೊತ್ತರು, ಅವಳು ಮುಂದೆ ದಿಕ್ಸೂಚಿ ಹಿಡಿದು ನಡೆದಳು. ತಪ್ಪಿದೆ ಅನ್ನಿಸಿದರೆ ತಕ್ಷಣ ಕೂಗಿ ಎಂದಳು. ಬಡಗಿ ಎರಡು ಸಲ ಕೂಗಿದ. ಎರಡು ಸಲವೂ ನಿಂತು ನೋಡಿದಳು. ಒಂದು ಸಲ ಅವನ ಮಾತೇ ಸರಿಯಾಗಿತ್ತು.

ಬೆಳಕು ಆರುವ ಹೊತ್ತಿಗೆ ವ್ಯಾನ್ ಕಂಡಿತು. ಹಿಂದಿನ ಸೀಟಿನಲ್ಲಿ ಮಲಗಿಸಿದಾಗ ಮೇಷ್ಟ್ರು ಅವಳ ತೋಳು ಹಿಡಿದರು.

"ದಾರಿ ತಪ್ಪಿದ್ದು ನಿಂಗೆ ಗೊತ್ತಾಗಿತ್ತಾ?"

ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಗೊತ್ತಾಗಿತ್ತು ಸಾರ್. ನಿಮಗೆ ಹೇಗೆ ಹೇಳೋದು ಅಂತ..."

"ಇಷ್ಟು ವರ್ಷ ಕಲಿಸಿದೆ," ಎಂದರು ಮೇಷ್ಟ್ರು. "ನಂಗೆ ಎದುರು ಹೇಳೋದೊಂದನ್ನ ಕಲಿಸಲೇ ಇಲ್ಲ ನೋಡು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ಅವಳ ಕಣ್ಣು ತುಂಬಿತು.

"ಎಲ್ಲರೂ ಹತ್ತಿದ್ರಾ ಅಕ್ಕಾ?" ಮುಂದಿನಿಂದ ಡ್ರೈವರ್ ಕೂಗಿದ.

ಅವಳು ಮೇಷ್ಟ್ರ ತಲೆಯನ್ನು ತೊಡೆಯ ಮೇಲೆ ಸರಿಯಾಗಿ ಇಟ್ಟುಕೊಂಡಳು. "ಎಲ್ಲರೂ ಇದ್ದೀವಿ. ಹೊರಡು. ನಿಧಾನ."